ತಾರಸಿಯ ಡಿಜೆ, ಗೇಟಿಗಡ್ಡ ನಿಂತ ಕಾರು: ನೆರೆಯವರ ಕಾಟಕ್ಕೆ ಪುರಾವೆ ಕಟ್ಟುವುದು ಹೇಗೆ

ಪಕ್ಕದ ಮನೆಯವರ ಕಾಟ ತಾಳಲಾರದೆ ಠಾಣೆಗೆ ಹೋಗುವವರ ಮೊಬೈಲ್‌ನಲ್ಲಿ ವಿಡಿಯೊಗಳಿಗೆ ಬರವಿರುವುದಿಲ್ಲ. ನಲವತ್ತು ಐವತ್ತು ಕ್ಲಿಪ್ಪುಗಳು, ವಾಟ್ಸ್ಯಾಪ್ ಜಗಳದ ಸ್ಕ್ರೀನ್‌ಶಾಟುಗಳು ಎಲ್ಲ ಇರುತ್ತವೆ. ಇನ್‌ಸ್ಪೆಕ್ಟರ್ ಎರಡು ನಿಮಿಷ ನೋಡಿ "ಕೂತು ಮಾತಾಡ್ಕೊಳ್ಳಿ, ನೆರೆಹೊರೆಯವರು" ಎಂದು ಕಳಿಸುತ್ತಾರೆ. ಪೊಲೀಸರ ಉದಾಸೀನ ಇದಕ್ಕೆ ಒಂದು ಕಾರಣ ಇರಬಹುದು. ಇನ್ನೊಂದು ಕಾರಣ ಆ ಕ್ಲಿಪ್ಪುಗಳಲ್ಲೇ ಇದೆ: ಯಾವ ನಿಯಮವನ್ನು, ಎಷ್ಟು ಹೊತ್ತಿಗೆ, ಯಾರು ಮುರಿದರು ಎಂಬುದು ಅವುಗಳಿಂದ ಗೊತ್ತಾಗುವುದೇ ಇಲ್ಲ. ಮೊದಲು ನಿಯಮ ಓದಿ, ಅದು ಕೇಳುವುದನ್ನು ಮಾತ್ರ ದಾಖಲಿಸಿದರೆ ಅರ್ಧ ಶ್ರಮ ಉಳಿಯುತ್ತದೆ. ಕರ್ನಾಟಕದಲ್ಲಿ ಅತಿ ಹೆಚ್ಚು ತಲೆನೋವು ತರುವ ರಾತ್ರಿ ಗದ್ದಲವನ್ನೇ ಮುಖ್ಯವಾಗಿ ಹಿಡಿದು ಬರೆಯುತ್ತೇನೆ. ಪಾರ್ಕಿಂಗ್, ಕಸದ ವಿಚಾರಕ್ಕೂ ದಾರಿ ಹೆಚ್ಚುಕಮ್ಮಿ ಇದೇ.

ಸದ್ದಿಗೆ ಸಂಬಂಧಿಸಿದ್ದು ಕೇಂದ್ರದ 2000ದ ಶಬ್ದಮಾಲಿನ್ಯ ನಿಯಮಗಳು. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್‌ನ ನಿಶ್ಶಬ್ದ ವಲಯದಲ್ಲಿ ಇದು 50 ಮತ್ತು 40. ಖಾಸಗಿ ಜಾಗದಲ್ಲಿರುವ ಮ್ಯೂಸಿಕ್ ಸಿಸ್ಟಮ್‌ನ ಸದ್ದು ಆ ಜಾಗದ ಗಡಿಯಲ್ಲಿ ಈ ಮಿತಿಗಿಂತ 5 ಡೆಸಿಬಲ್‌ಗಿಂತ ಹೆಚ್ಚು ಮೀರಬಾರದು.

ಇಷ್ಟು ಓದಿದ ಕೂಡಲೇ ಎಲ್ಲರೂ ಡೆಸಿಬಲ್ ಆಪ್ ಹಾಕಿಕೊಳ್ಳುತ್ತಾರೆ. ಸ್ವಲ್ಪ ತಡೆಯಿರಿ. ನಿಯಮ 7ರ ಪ್ರಕಾರ ದೂರು ಕೊಡಲು ಎರಡು ದಾರಿ ಇವೆ. ಒಂದು, ಸದ್ದು ಮಿತಿಗಿಂತ 10 ಡೆಸಿಬಲ್ ಅಥವಾ ಅದಕ್ಕೂ ಹೆಚ್ಚು ಮೀರಿರಬೇಕು. ಇನ್ನೊಂದು, ರಾತ್ರಿಯ ನಿರ್ಬಂಧಗಳಲ್ಲಿ ಯಾವುದಾದರೂ ಮುರಿದಿರಬೇಕು. ಈ ಎರಡನೆಯದಕ್ಕೆ ಅಳತೆಯೇ ಬೇಡ. ಸಭಾಂಗಣದಂಥ ಮುಚ್ಚಿದ ಜಾಗದ ಒಳಗೆ, ಅಲ್ಲಿದ್ದವರಿಗಷ್ಟೇ ಕೇಳಿಸುವ ಬಳಕೆ ಬಿಟ್ಟರೆ, ಧ್ವನಿವರ್ಧಕ, ವಾದ್ಯ, ಆಂಪ್ಲಿಫೈಯರ್ ಯಾವುದನ್ನೂ ರಾತ್ರಿ ಬಳಸುವಂತಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿ ಪಟಾಕಿಯೂ ಇಲ್ಲ, ಸದ್ದು ಮಾಡುವ ಕಟ್ಟಡ ಯಂತ್ರವೂ ಇಲ್ಲ. ಅಂದರೆ ರಾತ್ರಿ 11.20ಕ್ಕೆ ತೆರೆದ ತಾರಸಿಯ ಮೇಲೆ ಸ್ಪೀಕರ್ ಇತ್ತು ಎಂದು ತೋರಿಸಿದರೆ ಸಾಕು, ಅದು 61 ಡೆಸಿಬಲ್ಲೋ 68ಓ ಎಂಬ ವಾದಕ್ಕೆ ಇಳಿಯಬೇಕಿಲ್ಲ. ನಿಮಗೆ ಬೇಕಾದದ್ದು ಗಡಿಯಾರ, ಜಾಗ, ಸ್ಪೀಕರ್, ಈ ಮೂರೂ ಒಂದೇ ದಾಖಲೆಯಲ್ಲಿ.

ಒಂದು ವಿನಾಯಿತಿ ನೆನಪಿರಲಿ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 10ರಿಂದ 12ರವರೆಗೆ ಸಡಿಲಿಕೆ ಕೊಡಬಹುದು. ಗಣಪತಿ ಹಬ್ಬದ ಪೆಂಡಾಲಿನ ಮೇಲೆ ದೂರು ಬರೆಯುವ ಮುಂಚೆ ಆ ದಿನಕ್ಕೆ ಅಂಥ ಆದೇಶ ಇತ್ತೇ, ಲಿಖಿತ ಅನುಮತಿ ಇತ್ತೇ ಎಂದು ವಿಚಾರಿಸಿಕೊಳ್ಳಿ. ಇಲ್ಲವಾದರೆ ಎದುರು ಪಕ್ಷದವರು ಅನುಮತಿ ಪತ್ರ ತೆಗೆದು ಮೇಜಿನ ಮೇಲಿಟ್ಟ ಕೂಡಲೇ ನಿಮ್ಮ ಉಳಿದ ಹತ್ತು ದೂರುಗಳೂ ಸಡಿಲಾಗುತ್ತವೆ.

ಯಾವುದನ್ನು ದಾಖಲಿಸಬಾರದು ಎಂಬುದೂ ಮುಖ್ಯ. ಮಿಕ್ಸಿ, ಕುಕ್ಕರ್ ಸೀಟಿ, ಹಗಲು ಮಕ್ಕಳು ಓಡಾಡುವ ಸದ್ದು, ಮೀನು ಹುರಿದ ವಾಸನೆ, ಇವು ಸಂಸಾರದ ಸದ್ದು ವಾಸನೆಗಳು. ಪಟ್ಟಿಯಲ್ಲಿ ಇವೂ ಸೇರಿದರೆ ಓದುವವರಿಗೆ ನೆರೆಯವರಿಗಿಂತ ಮೊದಲು ನಿಮ್ಮ ಮೇಲೆಯೇ ಅನುಮಾನ ಬರುತ್ತದೆ. ಅವರ ಜಾತಿ, ಊಟ, ಭಾಷೆ, ಯಾವ ರಾಜ್ಯದವರು, ಬಾಡಿಗೆಯವರೋ ಸ್ವಂತದವರೋ, ಇದರಲ್ಲಿ ಒಂದು ಪದವೂ ಡೈರಿಯಲ್ಲಾಗಲಿ ದೂರಿನಲ್ಲಾಗಲಿ ಬೇಡ. ಗದ್ದಲದ ದೂರು ಅದರಿಂದಲೇ ಬೇರೊಂದು ಪ್ರಕರಣವಾಗಿ ತಿರುಗಿ ನಿಮ್ಮ ಮೇಲೆ ಬೀಳಬಹುದು.

ಇಡೀ ಕಡತಕ್ಕೆ ಅಡಿಪಾಯ ಡೈರಿ. ವಿಡಿಯೊ ಅದಕ್ಕೆ ಆಸರೆ ಮಾತ್ರ. ಹೊಲಿದ ಬೈಂಡಿನ ಪುಸ್ತಕ ತೆಗೆದುಕೊಂಡು ಮೊದಲೇ ಪುಟಸಂಖ್ಯೆ ಹಾಕಿ. ಸ್ಪೈರಲ್ ಪುಸ್ತಕ ಬೇಡ, ಹಾಳೆ ಹರಿದರೂ ಗೊತ್ತಾಗುವುದಿಲ್ಲ. ಘಟನೆ ನಡೆದ ರಾತ್ರಿಯೇ, ತಪ್ಪಿದರೆ ಮರುದಿನ ಬೆಳಿಗ್ಗೆ, ಪೆನ್ನಿನಲ್ಲಿ ಬರೆಯಿರಿ. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿ, ವೈಟ್‌ನರ್ ಮುಟ್ಟಬೇಡಿ. ಎರಡು ವರ್ಷದ ನಂತರ ಕಟಕಟೆಯಲ್ಲಿ ನಿಂತಾಗ, ಘಟನೆಯ ಹೊತ್ತಿನಲ್ಲೇ ಬರೆದ ಟಿಪ್ಪಣಿ ನೋಡಿ ನೆನಪು ಮಾಡಿಕೊಳ್ಳಲು ಸಾಕ್ಷ್ಯ ಕಾನೂನು ಅವಕಾಶ ಕೊಡುತ್ತದೆ. ತಿಂಗಳಾದ ಮೇಲೆ ಕೂತು ಒಂದೇ ಶಾಯಿಯಲ್ಲಿ ಬರೆದು ಮುಗಿಸಿದ ಪಟ್ಟಿಗೆ ಆ ಮರ್ಯಾದೆ ಸಿಗುವುದಿಲ್ಲ, ಪಾಟೀಸವಾಲಿನಲ್ಲಿ ವಕೀಲರು ಮೊದಲು ಹಿಡಿಯುವುದೇ ಅದನ್ನು.

ಒಂದು ನಮೂದು ಸುಮಾರಾಗಿ ಹೀಗಿರಲಿ:

"14ನೇ ತಾರೀಖು, ಶನಿವಾರ. ರಾತ್ರಿ 11.20ರಿಂದ 1.05. ಎದುರು ಮನೆ ತಾರಸಿ. ಆಳೆತ್ತರದ ಎರಡು ಸ್ಪೀಕರ್, ಹಾಡು, ಮೈಕಿನಲ್ಲಿ ಕೂಗು. ನಮ್ಮ ಹಿಂದಿನ ಕೋಣೆಯಲ್ಲಿ ಕಿಟಕಿ ಮುಚ್ಚಿದರೂ ಹಾಡಿನ ಮಾತು ಬಿಡಿಬಿಡಿಯಾಗಿ ಕೇಳುತ್ತಿತ್ತು. ಮಗು 11.40ಕ್ಕೆ, 12.30ಕ್ಕೆ ಎದ್ದಿತು. 11.45ಕ್ಕೆ 112ಕ್ಕೆ ಕರೆ. 12.08ಕ್ಕೆ ಸದ್ದು ಇಳಿಯಿತು, 12.10ಕ್ಕೆ ಪೊಲೀಸರ ಹೊಯ್ಸಳ ಗಾಡಿ ಬಂತು, 12.18ಕ್ಕೆ ಹೋಯಿತು. 12.25ಕ್ಕೆ ಮತ್ತೆ ಶುರು. ಮೇಲಿನ ಮನೆಯವರೂ ಬಾಲ್ಕನಿಗೆ ಬಂದು ನೋಡಿದರು. ವಿಡಿಯೊ 07, 08."

ಇದರಲ್ಲಿ "ನರಕಯಾತನೆ", "ಯಾವಾಗಲೂ", "ಬೇಕಂತಲೇ" ಎಂಬ ಮಾತುಗಳಿಲ್ಲ. "ಕುಡಿದು ಗಲಾಟೆ ಮಾಡಿದರು" ಎಂದು ಬರೆದರೆ ಅದು ನಿಮ್ಮ ತೀರ್ಮಾನ. ಕೈಯಲ್ಲಿ ಬಾಟಲಿ ಇತ್ತು, ಮಾತು ತೊದಲುತ್ತಿತ್ತು, ಗೇಟು ಹಿಡಿದು ನಿಂತಿದ್ದರು ಎಂದು ಬರೆದರೆ ಅದು ಕಂಡದ್ದು. ಪೊಲೀಸರು ಬಂದಾಗ ಸದ್ದು ನಿಂತು, ಹೋದ ಮೇಲೆ ಶುರುವಾಗುವುದು ಬೆಂಗಳೂರಿನಲ್ಲಿ ಎಲ್ಲರ ದೂರು. ಅದನ್ನು ಗೋಳಾಗಿ ಹೇಳಿಕೊಳ್ಳುವ ಬದಲು ನಾಲ್ಕು ಸಮಯಗಳಾಗಿ ಬರೆದಿಡಿ: ಕರೆ ಮಾಡಿದ್ದು, ಸದ್ದು ಇಳಿದದ್ದು, ಗಾಡಿ ಬಂದದ್ದು, ಮತ್ತೆ ಏರಿದ್ದು. ಮಾಡುತ್ತಿರುವುದು ತಪ್ಪೆಂದು ಅವರಿಗೆ ಗೊತ್ತಿತ್ತು, ನಿಲ್ಲಿಸುವುದು ಅವರ ಕೈಯಲ್ಲೇ ಇತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗುವುದು ಕಷ್ಟ. ಸದ್ದಿಲ್ಲದ ವಾರವನ್ನೂ "ಏನೂ ಇಲ್ಲ" ಎಂದು ನಮೂದಿಸಿ. ಬರೀ ದೂರೇ ತುಂಬಿದ ಡೈರಿಗಿಂತ ಅದನ್ನು ಜನ ನಂಬುತ್ತಾರೆ.

ಇನ್ನು ರೆಕಾರ್ಡಿಂಗ್. ಫೋನಿನ ಸಮಯ ನೆಟ್‌ವರ್ಕ್‌ನಿಂದ ತಾನಾಗಿ ಬರುವಂತೆ, ಕ್ಯಾಮೆರಾದ ಲೊಕೇಶನ್ ಆನ್ ಇರುವಂತೆ ನೋಡಿಕೊಳ್ಳಿ. ಚಿತ್ರದ ಮೇಲೆ ಸಮಯ ಅಚ್ಚೊತ್ತುವ ಆಪ್‌ಗಳು ಬೇಡ, ಅವುಗಳಲ್ಲಿ ಹಲವದರಲ್ಲಿ ಸಮಯವನ್ನು ಕೈಯಿಂದಲೇ ಬದಲಾಯಿಸಬಹುದು. ರೆಕಾರ್ಡ್ ಶುರು ಮಾಡಿ ದಿನಾಂಕ, ಸಮಯ, ಯಾವ ಕೋಣೆ ಎಂದು ಒಂದು ಸಲ ಹೇಳಿ, ಗೋಡೆ ಗಡಿಯಾರ ತೋರಿಸಿ, ಕೋಣೆಯಿಂದ ಕಿಟಕಿಗೆ, ಕಿಟಕಿಯಿಂದ ತಾರಸಿಯತ್ತ ನಿಧಾನ ತಿರುಗಿಸಿ. ಒಂದೆರಡು ನಿಮಿಷ, ನಡುವೆ ನಿಲ್ಲಿಸದೆ. ಆಮೇಲೆ ಬಾಯಿ ಮುಚ್ಚಿಕೊಂಡಿರಿ. ಕ್ಯಾಮೆರಾ ಹಿಂದಿನ ನಿಮ್ಮ ಬೈಗುಳವೂ ಅಷ್ಟೇ ಸ್ಪಷ್ಟವಾಗಿ ದಾಖಲಾಗುತ್ತದೆ, ಕೌಂಟರ್ ಕೇಸಿಗೆ ಅದೇ ಸಾಕು.

ಎಲ್ಲರೂ ಎಡವುವ ಒಂದು ಜಾಗವಿದೆ. ಗೋಡೆ ದಾಟಿ ಬಂದು ನಿದ್ದೆ ಕೆಡಿಸುವುದು ಬಹುತೇಕ ಬೇಸ್, ಅಂದರೆ ಹಾಡಿನ ತಗ್ಗು ಸ್ವರದ ಗುದ್ದು. 60 ಹರ್ಟ್ಸ್ ಆಸುಪಾಸಿನ ಆ ಗುದ್ದನ್ನು ಫೋನಿನ ಪುಟ್ಟ ಸ್ಪೀಕರ್ ಹೊರಡಿಸಲಾರದು. ಜೊತೆಗೆ ಫೋನಿನ ರೆಕಾರ್ಡರ್ ದೊಡ್ಡ ಸದ್ದನ್ನು ತಾನೇ ತಗ್ಗಿಸಿ, ಸಣ್ಣ ಸದ್ದನ್ನು ಎತ್ತುತ್ತದೆ. ಹಾಗಾಗಿ ಠಾಣೆಯಲ್ಲಿ ಕ್ಲಿಪ್ ಹಾಕಿದಾಗ "ಏನೂ ಕೇಳ್ತಾ ಇಲ್ವಲ್ಲ" ಎನ್ನುವುದು ಸಹಜ. ಒಳ್ಳೆಯ ಹೆಡ್‌ಫೋನ್ ಒಯ್ಯಿರಿ. ಜೊತೆಗೆ ಕಣ್ಣಿಗೆ ಕಾಣುವುದನ್ನೂ ಹಿಡಿಯಿರಿ: ಕಿಟಕಿ ಗಾಜು ನಡುಗುವುದು, ಮೇಜಿನ ಮೇಲಿನ ಸ್ಟೀಲ್ ಲೋಟದ ನೀರಿನಲ್ಲಿ ಅಲೆ ಏಳುವುದು.

ಡೆಸಿಬಲ್ ಮೀಟರಿಗೂ ಇದೇ ತೊಂದರೆ. ನಿಯಮದಲ್ಲಿರುವ ಮಿತಿ ಎ-ವೇಟಿಂಗ್ ಲೆಕ್ಕದ್ದು, ಅಂದರೆ ಕಿವಿಗೆ ಕಡಿಮೆ ಕೇಳುವ ತಗ್ಗು ಸ್ವರಗಳನ್ನು ಕಡಿಮೆಯಾಗಿ ಎಣಿಸುವ ಲೆಕ್ಕ. ಆ ಲೆಕ್ಕ 63 ಹರ್ಟ್ಸ್‌ನಲ್ಲಿ ಸುಮಾರು 26 ಡೆಸಿಬಲ್, 125 ಹರ್ಟ್ಸ್‌ನಲ್ಲಿ ಸುಮಾರು 16 ಡೆಸಿಬಲ್ ಕಳೆದುಬಿಡುತ್ತದೆ. ಎದೆ ಅದುರುವ ಬೇಸ್ ಮೀಟರಿನಲ್ಲಿ ಸಾಧಾರಣ ಮಾತಿನಷ್ಟು ಕಾಣುವುದು ಇದರಿಂದಲೇ. ಇನ್ನೊಂದು: ಮಿತಿ ಇರುವುದು ಸರಾಸರಿಗೆ, ಅಂದರೆ ಲೆಕ್ ಎಂಬ ಅಂಕಿಗೆ. ಆಪ್‌ನಲ್ಲಿ ಒಂದು ಕ್ಷಣ ಮಿನುಗಿದ 78ರ ಗರಿಷ್ಠವನ್ನು 45ರ ಪಕ್ಕ ಇಟ್ಟು ಹೋಲಿಸಿದರೆ ತಿಳಿದವರು ಅಲ್ಲೇ ಪುಟ ಮುಚ್ಚುತ್ತಾರೆ.

ಅಳೆಯಲೇಬೇಕೆಂದರೆ ಗಡಿಗೋಡೆಯ ಬಳಿ ಒಮ್ಮೆ, ಕೋಣೆಯೊಳಗೆ ಕಿಟಕಿ ತೆರೆದು ಒಮ್ಮೆ, ಮುಚ್ಚಿ ಒಮ್ಮೆ, ಪ್ರತಿಯೊಂದೂ ಐದು ನಿಮಿಷ, ಗೋಡೆಯಿಂದ ಒಂದು ಮೀಟರಾದರೂ ದೂರ ಅಳೆಯಿರಿ. ಗದ್ದಲ ನಿಂತ ಮೇಲೆ ಅದೇ ರಾತ್ರಿ ಅದೇ ಜಾಗದಲ್ಲಿ ಬರೀ ಹಿನ್ನೆಲೆ ಸದ್ದನ್ನೂ ಅಳೆಯಿರಿ. ಇದನ್ನು ಬಿಟ್ಟರೆ ಉಳಿದ ಅಂಕಿಗಳಿಗೆ ಬೆಲೆ ಇಲ್ಲ. ಡೆಸಿಬಲ್ ಸಾದಾ ಕೂಡುವ ಕಳೆಯುವ ಲೆಕ್ಕವಲ್ಲ: ಗದ್ದಲದಲ್ಲಿ 52, ಹಿನ್ನೆಲೆ 49 ಬಂದರೆ ನೆರೆಯವರ ಪಾಲೂ ಬರೀ 49, ರಸ್ತೆಯ ಸದ್ದಿನಷ್ಟೇ. ವ್ಯತ್ಯಾಸ 10 ಡೆಸಿಬಲ್ ಇದ್ದರೆ ಹಿನ್ನೆಲೆಯನ್ನು ಮರೆಯಬಹುದು. ಆಪ್ ಅಂಕಿಯನ್ನು ದೂರಿನಲ್ಲಿ ಬರೆಯುವುದಾದರೆ "ಮೊಬೈಲ್ ಆಪ್ ಅಂದಾಜು" ಎಂದೇ ಬರೆಯಿರಿ. ನ್ಯಾಯಾಲಯದಲ್ಲಿ ನಿಲ್ಲುವ ಅಳತೆ ಬೇಕಿದ್ದರೆ ಐಇಸಿ 61672 ಎಂಬ ಅಂತರರಾಷ್ಟ್ರೀಯ ಮಾನದಂಡದ ಕ್ಲಾಸ್ 1 ಅಥವಾ 2 ಮೀಟರ್, ಅದರ ಚಾಲ್ತಿಯಲ್ಲಿರುವ ಕ್ಯಾಲಿಬ್ರೇಶನ್ ಪ್ರಮಾಣಪತ್ರ, ಅಳೆಯುವ ಮುಂಚೆಯೂ ಆಮೇಲೂ 94 ಡೆಸಿಬಲ್ ಕ್ಯಾಲಿಬ್ರೇಟರಿನಿಂದ ಪರೀಕ್ಷಿಸಿದ ದಾಖಲೆ, ಅಳೆದವರ ಸಾಕ್ಷ್ಯ ಎಲ್ಲವೂ ಬೇಕು. ಅಷ್ಟು ಖರ್ಚು ಮಾಡುವ ಮುಂಚೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಅಳತೆ ಕೋರಿ ಲಿಖಿತ ಅರ್ಜಿ ಹಾಕುವುದು ಜಾಣತನ.

ಕ್ಯಾಮೆರಾ ಎತ್ತ ತಿರುಗಿದೆ ಎಂಬುದರ ಮೇಲೆ ಎಚ್ಚರ ಇರಲಿ. ನಿಮ್ಮ ಬಾಗಿಲು, ಗೇಟು, ಮುಂದಿನ ರಸ್ತೆಯ ತುಣುಕು, ಇಷ್ಟೇ. ಅವರ ಮಲಗುವ ಕೋಣೆ, ಬಚ್ಚಲು, ಬಟ್ಟೆ ಒಣಹಾಕುವ ಜಾಗ ಫ್ರೇಮಿನಲ್ಲಿ ಬಂದರೆ ದೂರುದಾರರಾದ ನೀವೇ ಆರೋಪಿಯಾಗುವ ಅಪಾಯವಿದೆ. ಮಹಿಳೆಯ ಖಾಸಗಿ ಕ್ಷಣ ಸೆರೆಹಿಡಿಯುವುದು ಐಪಿಸಿಯ ಜಾಗದಲ್ಲಿ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 77ರಡಿ ಅಪರಾಧ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ಇಲ್ಲಿಯ ವಕೀಲರಿಗೆಲ್ಲ ಬಾಯಿಪಾಠ. ಕ್ಲಿಪ್ಪನ್ನು ಬಡಾವಣೆಯ ಗುಂಪಿಗೆ, ಫೇಸ್‌ಬುಕ್‌ಗೆ ಹಾಕುವುದಂತೂ ಬೇಡವೇ ಬೇಡ. ಮಾನನಷ್ಟದ ನೋಟಿಸು ಬಂದರೆ ಮೂಲ ಜಗಳ ಮೂಲೆಗೆ ಬೀಳುತ್ತದೆ.

ಸೆರೆಹಿಡಿದ ಫೈಲನ್ನು ಕಾಪಾಡುವುದು ಇನ್ನೊಂದು ಕೆಲಸ. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ವಿಡಿಯೊದಂಥ ಎಲೆಕ್ಟ್ರಾನಿಕ್ ಫೈಲನ್ನು ಸಾಕ್ಷ್ಯವಾಗಿ ಕೊಡಲು ಬೇಕಾದ, ಹಿಂದೆ 65ಬಿ ಎನ್ನುತ್ತಿದ್ದ ಪ್ರಮಾಣಪತ್ರ ಈಗ ಕಲಂ 63ರಲ್ಲಿದೆ. ನಮೂನೆ ಕಾಯ್ದೆಯ ಅನುಸೂಚಿಯಲ್ಲೇ ಇದೆ: ಭಾಗ ಎ ಫೈಲ್ ಹಾಜರುಪಡಿಸುವವರು ತುಂಬುವುದು, ಭಾಗ ಬಿ ತಜ್ಞರು ತುಂಬುವುದು. ಫೋನಿನ ಕಂಪನಿ, ಮಾಡೆಲ್, ಬಣ್ಣ, ಐಎಂಇಐ ಸಂಖ್ಯೆ, ಜೊತೆಗೆ ಫೈಲಿನ ಹ್ಯಾಶ್ ಮೌಲ್ಯ ಕೇಳುತ್ತದೆ. ಹ್ಯಾಶ್ ಎಂದರೆ ಫೈಲಿನಿಂದ ಲೆಕ್ಕಹಾಕಿ ತೆಗೆಯುವ ಅಂಕಿ-ಅಕ್ಷರಗಳ ಸಾಲು, ಎಸ್‌ಎಚ್‌ಎ-256 ಆದರೆ 64 ಅಕ್ಷರ. ವಿಂಡೋಸ್ ಕಂಪ್ಯೂಟರಿನಲ್ಲಿ ಸರ್ಟ್‌ಯುಟಿಲ್ ಎಂಬ ಕಮಾಂಡ್ ಇದನ್ನು ಕೊಡುತ್ತದೆ, ಬೇರೆ ಸಾಫ್ಟ್‌ವೇರ್ ಬೇಡ. ಫೈಲಿನ ಹೆಸರು ಬದಲಿಸಿದರೆ ಹ್ಯಾಶ್ ಬದಲಾಗದು, ಒಂದು ಸೆಕೆಂಡ್ ಕತ್ತರಿಸಿದರೂ ಪೂರ್ತಿ ಬದಲಾಗುತ್ತದೆ. ಅದೇ ರಾತ್ರಿ ಹ್ಯಾಶ್ ತೆಗೆದು ಆ 64 ಅಕ್ಷರವನ್ನು ನಿಮಗೆ ನೀವೇ ಇಮೇಲ್ ಮಾಡಿಕೊಳ್ಳಿ. ಭಾರೀ ವಿಡಿಯೊ ಕಳಿಸುವ ಗೋಜಿಲ್ಲದೆ, ಆ ದಿನ ಆ ಫೈಲ್ ಹಾಗೆಯೇ ಇತ್ತು ಎಂಬುದಕ್ಕೆ ಮೂರನೆಯವರ ಸರ್ವರಿನಲ್ಲಿ ತಾರೀಖು ಬಿದ್ದಿರುತ್ತದೆ.

ಇಷ್ಟೆಲ್ಲವನ್ನು ಕೆಡಿಸುವುದು ವಾಟ್ಸ್ಯಾಪ್. ಸಾಮಾನ್ಯವಾಗಿ ಕಳಿಸಿದ ವಿಡಿಯೊವನ್ನು ಅದು ಕುಗ್ಗಿಸುತ್ತದೆ, ಒಳಗಿನ ಸಮಯ, ಜಾಗದ ಮಾಹಿತಿ ಹೋಗುತ್ತದೆ, ಹ್ಯಾಶ್ ಬದಲಾಗುತ್ತದೆ. ಮೂಲ ಫೈಲನ್ನು ಕೇಬಲ್ ಹಾಕಿ ಕಂಪ್ಯೂಟರಿಗೆ, ಅಲ್ಲಿಂದ ಪೆನ್‌ಡ್ರೈವಿಗೆ ಹಾಕಿ, ಫೋನಿನಿಂದ ಅಳಿಸಬೇಡಿ. ಆ ಫೋನನ್ನು ಎಕ್ಸ್‌ಚೇಂಜ್ ಆಫರಿಗೂ ಕೊಡಬೇಡಿ. ಮೂಲ ಸಾಧನವನ್ನು ಅದರ ಮಾಲೀಕರೇ ಹಾಜರುಪಡಿಸಿ ಸಾಕ್ಷಿ ಹೇಳುವ ದಾರಿ ಇದೆ, ಹಾಗಲ್ಲದಿದ್ದರೆ ಪ್ರಮಾಣಪತ್ರ ಕಡ್ಡಾಯ ಎಂದು 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಳೆಯ 65ಬಿ ಕುರಿತು ಸ್ಪಷ್ಟಪಡಿಸಿತ್ತು. ಮೇಲಿನ ಮನೆಯವರು ತೆಗೆದ ವಿಡಿಯೊಗೆ ಪ್ರಮಾಣಪತ್ರ ಕೊಡಬೇಕಾದವರು ಅವರು, ನೀವಲ್ಲ. ಅವರು ಸಾಕ್ಷಿಗೆ ಬರುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಅಪಾರ್ಟ್‌ಮೆಂಟಿನ ಸಿಸಿಟಿವಿಗೆ ಕಾಲದ ಗಡುವಿದೆ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆದರೆ ದಿನಕ್ಕೆ ಸುಮಾರು 21.6 ಜಿಬಿ. ನಾಲ್ಕು ಕ್ಯಾಮೆರಾಗಳ 1 ಟಿಬಿ ಡಿವಿಆರ್ (ದೃಶ್ಯ ದಾಖಲಿಸುವ ಪೆಟ್ಟಿಗೆ) ಹನ್ನೊಂದು ಹನ್ನೆರಡು ದಿನದಲ್ಲಿ ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತದೆ. ಘಟನೆಯಾದ ಎರಡು ಮೂರು ದಿನದೊಳಗೆ ಸಂಘಕ್ಕೆ ದಿನಾಂಕ, ಸಮಯ, ಕ್ಯಾಮೆರಾ ಹೆಸರಿಸಿ ಲಿಖಿತವಾಗಿ ಕೇಳಿ. ಡಿವಿಆರ್ ಗಡಿಯಾರ ಹತ್ತು ಹದಿನೈದು ನಿಮಿಷ ಮುಂದೆ ಹಿಂದೆ ಇರುವುದು ತೀರಾ ಮಾಮೂಲು, ಅದರ ಪರದೆಯನ್ನೂ ನಿಮ್ಮ ಫೋನಿನ ಸಮಯವನ್ನೂ ಒಂದೇ ಫೋಟೊದಲ್ಲಿ ತೆಗೆದುಕೊಂಡು ಎಷ್ಟು ವ್ಯತ್ಯಾಸ ಎಂದು ಬರೆದಿಡಿ. ಪರದೆಯನ್ನು ಫೋನಿನಿಂದ ಶೂಟ್ ಮಾಡಿಕೊಂಡರೆ ಸಾಲದು, ಫೈಲನ್ನೇ ಎಕ್ಸ್‌ಪೋರ್ಟ್ ಮಾಡಿಸಿ.

ಗೇಟಿಗಡ್ಡ ಕಾರು ನಿಲ್ಲಿಸುವುದಕ್ಕೆ ಮೂರು ಫೋಟೊ: ದೂರದಿಂದ ರಸ್ತೆ, ಮನೆ ಸಂಖ್ಯೆ ಕಾಣುವಂತೆ ಒಂದು, ಗೇಟು, ಒಳಗೆ ಸಿಕ್ಕಿಕೊಂಡ ನಿಮ್ಮ ಗಾಡಿ, ಅಡ್ಡ ನಿಂತ ಕಾರು ಒಟ್ಟಿಗೆ ಬರುವಂತೆ ಒಂದು, ನಂಬರ್ ಪ್ಲೇಟ್ ಒಂದು. ತೆಗೆಯಿರಿ ಎಂದು ಕೇಳಿದ್ದು ಎಷ್ಟಕ್ಕೆ, ತೆಗೆದದ್ದು ಎಷ್ಟಕ್ಕೆ ಎಂಬುದು ಡೈರಿಗೆ. ಕಸ, ಕೊಳಚೆ ನೀರಿಗಾದರೆ ನೆಲದಲ್ಲಿ ಒಂದು ಗುರುತು ಮಾಡಿಕೊಂಡು ಪ್ರತಿ ಸಲ ಅಲ್ಲಿಂದಲೇ ಫೋಟೊ ತೆಗೆಯಿರಿ.

ಸಾಕ್ಷಿಗಳ ವಿಚಾರದಲ್ಲಿ ಕಾನೂನಿನ ಒಂದು ತೊಡಕಿದೆ. ನ್ಯಾಯ ಸಂಹಿತೆಯ ಕಲಂ 270ರ ಸಾರ್ವಜನಿಕ ಉಪದ್ರವ ಆಗಬೇಕಾದರೆ ಆಸುಪಾಸಿನ ಜನರಿಗೆ ತೊಂದರೆ ಆಗಿರಬೇಕು. ನಿಮ್ಮೊಬ್ಬರ ಮನೆಗಷ್ಟೇ ಕಾಟವಾದರೆ ಅದು ಖಾಸಗಿ ಉಪದ್ರವ, ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳುವ ಬಾಬತ್ತು. ಆದ್ದರಿಂದ ಪೊಲೀಸ್ ದಾರಿ ಹಿಡಿಯುವವರಿಗೆ ಇನ್ನೆರಡು ಮೂರು ಮನೆಗಳ ಮಾತು ಬೇಕೇ ಬೇಕು. ಒಂದೇ ಪತ್ರಕ್ಕೆ ಹದಿನೈದು ಸಹಿ ಹಾಕಿಸುವುದು ಸುಲಭ, ಬೆಲೆಯೂ ಅಷ್ಟಕ್ಕಷ್ಟೇ. ಅದರ ಬದಲು ಮೂವರು ತಮ್ಮ ತಮ್ಮ ಮಾತಿನಲ್ಲಿ, ತಾವು ಕಂಡು ಕೇಳಿದ್ದನ್ನು ತಾರೀಖು ಸಮೇತ ಬರೆದುಕೊಟ್ಟರೆ ತೂಕ ಬೇರೆ. ನೀವು ಬರೆದು ಅವರಿಂದ ಸಹಿ ಮಾಡಿಸಬೇಡಿ. ಮೂರು ಪತ್ರದಲ್ಲೂ ಒಂದೇ ವಾಕ್ಯ ಇದ್ದರೆ ಯಾರು ಬರೆದದ್ದೆಂದು ಯಾರಿಗಾದರೂ ತಿಳಿಯುತ್ತದೆ.

ದೂರಿಗೆ ಮುಂಚೆ ನೆರೆಯವರಿಗೆ ಒಂದು ವಿನಯದ ಪತ್ರ ಹೋಗಿರಲಿ: ಯಾವ ದಿನ, ಎಷ್ಟು ಹೊತ್ತು, ಏನು ನಿಲ್ಲಿಸಬೇಕು. ಬೆದರಿಕೆ ಬೇಡ. ರಿಜಿಸ್ಟರ್ಡ್ ಪೋಸ್ಟ್ 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ, ಹಾಗಾಗಿ ಕೌಂಟರಿನಲ್ಲಿ ನೋಂದಣಿ ಸೇವೆ ಸೇರಿಸಿ ಎಂದು ಕೇಳಿ. ರಶೀದಿಯ ಜೊತೆ ಟ್ರ್ಯಾಕಿಂಗ್ ಪುಟವನ್ನೂ ಕೂಡಲೇ ಪ್ರಿಂಟ್ ತೆಗೆದಿಡಿ.

ಠಾಣೆಗೆ ಕೊಡುವ ದೂರು ಒಂದೇ ಪುಟ, ಮೇಲೆ ವಿಷಯ, ಕೆಳಗೆ ಐದು ಘಟನೆಗಳ ಕೋಷ್ಟಕ. ಐವತ್ತರಲ್ಲಿ ಗಟ್ಟಿಯಾದ ಐದನ್ನು ಆರಿಸುವುದೇ ಕಷ್ಟದ ಕೆಲಸ. ವಿಡಿಯೊ ಇದ್ದು, 112ರ ಕರೆ ಇದ್ದು, ಬೇರೆ ಸಾಕ್ಷಿಯೂ ಇರುವ ರಾತ್ರಿಗಳನ್ನು ಆರಿಸಿ. 112ಕ್ಕೆ ಕರೆ ಮಾಡಿದಾಗ ಸಿಗುವ ಸಂಖ್ಯೆಯನ್ನು ಕೋಷ್ಟಕದಲ್ಲಿ ಸೇರಿಸಿ, ನಿಮ್ಮ ಕರೆ ಪೊಲೀಸರ ದಾಖಲೆಯಲ್ಲೇ ಇದೆ ಎಂದು ತೋರಿಸುವುದು ಅದೊಂದೇ. ಎರಡು ಪ್ರತಿ ಒಯ್ದು ಒಂದರ ಮೇಲೆ ಠಾಣೆಯ ಮೊಹರು, ತಾರೀಖು, ಸಂಖ್ಯೆ ಹಾಕಿಸಿಕೊಳ್ಳಿ. ಸಾರ್ವಜನಿಕ ಉಪದ್ರವಕ್ಕೆ ಕಲಂ 292ರಡಿ ದಂಡ ಹೆಚ್ಚೆಂದರೆ 1,000 ರೂಪಾಯಿ, ಅದು ಅಸಂಜ್ಞೇಯ ಅಪರಾಧ (ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡಲಾಗದ್ದು), ಆದ್ದರಿಂದ ಎಫ್‌ಐಆರ್ ಬದಲು ಎನ್‌ಸಿಆರ್ (ಅಂಥ ಅಪರಾಧದ ವರದಿ) ಸಿಗುವುದೇ ಹೆಚ್ಚು. ಬೇಸರ ಬೇಡ, ಎನ್‌ಸಿಆರ್ ಪ್ರತಿಯನ್ನೂ, ದೂರಿನ ಮೇಲೆ ಏನು ಮಾಡಿದೆವೆಂದು ಪೊಲೀಸರು ಬರೆದುಕೊಡುವ ಹಿಂಬರಹವನ್ನೂ ಕೇಳಿ ಪಡೆಯಿರಿ. ದಂಡದ ಮೊತ್ತಕ್ಕಿಂತ ಇವು ಕೆಲಸಕ್ಕೆ ಬರುತ್ತವೆ. ಉಪದ್ರವ ನಿಲ್ಲಿಸುವಂತೆ, ಸಿಆರ್‌ಪಿಸಿಯ ಜಾಗದಲ್ಲಿ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 152ರಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಮುಂದೆ ಹೋದಾಗ, ಸಿವಿಲ್ ಕೋರ್ಟಿನಲ್ಲಿ ತಾತ್ಕಾಲಿಕ ತಡೆಯಾಜ್ಞೆ ಕೇಳಿದಾಗ ಮೊದಲು ನೋಡುವುದು ಇಂಥ ಕಾಗದಗಳನ್ನೇ. ಆದೇಶ ಬಂದ ಮೇಲೂ ಮುಂದುವರಿಸಿದರೆ ನ್ಯಾಯ ಸಂಹಿತೆಯ ಕಲಂ 293ರಡಿ ಆರು ತಿಂಗಳವರೆಗೆ ಸಾದಾ ಸಜೆ ಇದೆ, ಮಾತು ಬಿಗಿಯಾಗುವುದು ಅಲ್ಲಿಂದ.

ಬಹಳಷ್ಟು ಪ್ರಕರಣಗಳು ಠಾಣೆಯಲ್ಲೇ ಮುಚ್ಚಳಿಕೆ ಬರೆಸಿ ಮುಗಿಯುತ್ತವೆ. ಆ ದಿನವೇ ಡೈರಿ ನಿಲ್ಲಿಸಬೇಡಿ. ಮುಚ್ಚಳಿಕೆಯ ತಾರೀಖನ್ನು ಪುಟದಲ್ಲಿ ಅಡ್ಡಗೆರೆ ಎಳೆದು ಬರೆಯಿರಿ, ಆಮೇಲಿನ ಘಟನೆಗಳನ್ನು ಒಂದರಿಂದ ಎಣಿಸಿ. ನಿಮ್ಮ ಅರ್ಜಿಯ ಮೇಲೆ ಏನು ಕ್ರಮವಾಯಿತು, ಮುಚ್ಚಳಿಕೆಯ ನಕಲು ಎಲ್ಲಿ ಎಂದು ಕೇಳಿದರೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಹಾಗಾಗಿ ಗೋಳು ಬಿಟ್ಟು ಸ್ವೀಕೃತಿ ಸಂಖ್ಯೆ, ತಾರೀಖು, ಬೇಕಾದ ದಾಖಲೆಗಳ ಹೆಸರು ಮಾತ್ರ ಬರೆಯಿರಿ. ಉತ್ತರಕ್ಕೆ 30 ದಿನ, ಬಾರದಿದ್ದರೆ ಅಲ್ಲಿಂದ ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ.